ಕರೆಂಟ್ ಹೋದಾಗ ಮನೆಯಲ್ಲಿ ಒಂದೇ ದೀಪ ಇರಲಿ

ಸಂಜೆ ಕರೆಂಟ್ ಹೋದರೆ ಮಕ್ಕಳು ಮೊಬೈಲ್‌ಗೆ ಚಾರ್ಜ್ ಇಲ್ಲ ಅಂತ ಗಲಾಟೆ, ದೊಡ್ಡವರಿಗೆ ಸಿಡಿಮಿಡಿ, ಆ ಹೊತ್ತನ್ನು ನೆಮ್ಮದಿಯಾಗಿ ಕಳೆಯೋದು ಹೇಗೆ ಅಂತ ಕೇಳಿದ್ದೀರಿ. ನಮ್ಮ ಮನೆ ಚಿತ್ರದುರ್ಗದಲ್ಲಿ. ನಾವು ಮಾಡಿದ್ದು ಒಂದೇ ಬದಲಾವಣೆ. ಯುಪಿಎಸ್‌ನಿಂದ ವೈಫೈ ಮತ್ತು ರೂಮುಗಳ ಲೈನ್ ತೆಗೆಸಿದೆವು. ಬ್ಯಾಟರಿ ಹಳೆಯದಾಗಿ ಬೇಗ ಕೈಕೊಡುತ್ತಿತ್ತು, ಅದಕ್ಕೆ ಮಾಡಿಸಿದ್ದು. ಈಗ ಕರೆಂಟ್ ಹೋದರೆ ನಡುಮನೆಯಲ್ಲಿ ಒಂದು ಬಲ್ಬು ಮಾತ್ರ ಉರಿಯುತ್ತದೆ. ಬೆಳಕು ಒಂದೇ ಕಡೆ ಇದ್ದರೆ ಜನವೂ ಅಲ್ಲಿಗೇ ಬರುತ್ತಾರೆ, ಅಲ್ವಾ?

ಆದರೆ ಸುಮ್ನೆ ಕೂತರೆ ಆಗಲ್ಲ. ಕೈಗೆ ಏನಾದರೂ ಕೆಲಸ ಬೇಕು. ಇದು ನನಗೆ ತಿಳಿದಿದ್ದು ಹೋದ ವರ್ಷ ಮೃಗಶಿರ ಮಳೆ ಹೊತ್ತಿಗೆ. ಅತ್ತೆ ಚಳ್ಳಕೆರೆ ಕಡೆಯ ನಮ್ಮ ಹೊಲದಿಂದ ಅರ್ಧ ಚೀಲ ಶೇಂಗಾಕಾಯಿ ತಂದಿದ್ದರು, ಬಿತ್ತನೆಗೆ. ಗಾಳಿಗೆ ಎಲ್ಲೋ ಕೊಂಬೆ ಮುರಿದು ಲೈನ್ ಮೇಲೆ ಬಿತ್ತು, ಆರೂವರೆಗೇ ಕರೆಂಟ್ ಹೋಯಿತು. ಫ್ರಿಡ್ಜು, ಟಿವಿ, ಪಕ್ಕದ ಮನೆಯ ಮೋಟಾರು ಎಲ್ಲ ನಿಂತು ಬೀದಿಯೇ ತಣ್ಣಗಾಯಿತು. ಅತ್ತೆ ಚೀಲ ಸುರಿದು, ಮೊರ ಎಳೆದುಕೊಂಡು ಕೂತರು.

ಬಿತ್ತನೆ ಶೇಂಗಾ ಮಿಷನ್‌ಗೆ ಹಾಕಿದರೆ ಬೀಜ ಒಡೆಯುತ್ತದೆ, ಮೇಲಿನ ಕೆಂಪು ಸಿಪ್ಪೆ ಹೋಗುತ್ತದೆ. ಸಿಪ್ಪೆ ಹೋದದ್ದು ಸರಿಯಾಗಿ ಹುಟ್ಟಲ್ಲ. ಅದಕ್ಕೇ ಕೈಯಲ್ಲಿ ಬಿಡಿಸಬೇಕು. ಕಾಯಿಯ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಚಟ್ ಅಂತ ಬಾಯಿ ಬಿಡುತ್ತದೆ. ಮಕ್ಕಳು ಮೊದಲು ನೋಡುತ್ತಾ ನಿಂತರು, ಆಮೇಲೆ ಕೂತರು. ನಮ್ಮ ಯಜಮಾನರೂ ಬಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಬರೀ ಚಟ್ ಚಟ್ ಸದ್ದು.

ಅಷ್ಟರಲ್ಲಿ ಎದ್ದು ಕಿಟಕಿಗೆ ಹೋದ ಮಗ, ಗಾಳಿಯಿಂದ ಕರೆಂಟ್ ಮಾಡುವ ಗುಡ್ಡದ ಯಂತ್ರಗಳನ್ನು ನೋಡಿ ಕೇಳಿದ, "ಗುಡ್ಡದ ಮೇಲೆ ಗಾಳಿ ಫ್ಯಾನು ತಿರುಗ್ತಾನೇ ಇವೆ. ಮತ್ತೆ ನಮಗ್ಯಾಕೆ ಕರೆಂಟ್ ಇಲ್ಲ?" ನಾನು ಗ್ರಿಡ್ಡು, ಸಬ್‌ಸ್ಟೇಷನ್ನು, ಟ್ರಾನ್ಸ್‌ಫಾರ್ಮರ್ರು ಅಂತ ಶುರು ಮಾಡಿದೆ. ಅವನಿಗೆ ತಲೆಗೆ ಹೋಗಲಿಲ್ಲ. ಅತ್ತೆ ಹೇಳಿದರು, "ನಮ್ಮ ಹೊಲದ ಶೇಂಗಾ ಮೊದ್ಲು ಚಳ್ಳಕೆರೆ ಮಿಲ್ಲಿಗೆ ಹೋಗಿ, ಎಲ್ಲಾರ ಶೇಂಗಾ ಜೊತೆ ಎಣ್ಣೆಯಾಗಿ, ಅಂಗಡಿಯಿಂದ ನಮ್ಮನೆಗೆ ಬರಲ್ವೇನಪ್ಪ? ದಾರಿ ಕಟ್ಟಾದ್ರೆ ಹೊಲದಾಗೆ ಎಷ್ಟಿದ್ರೂ ಒಲೆ ಮೇಲೆ ಎಣ್ಣೆ ಇಲ್ಲ. ಹಂಗೇ ಇದೂವೆ." ಅದಕ್ಕಿಂತ ಚೆನ್ನಾಗಿ ಹೇಳಲು ನನ್ನ ಕೈಲಿ ಆಗುತ್ತಿರಲಿಲ್ಲ.

ಆಮೇಲೆ ಅವರೇ ಮಾತು ಮುಂದುವರಿಸಿದರು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬರದ ವರ್ಷ, ಮನೆಯಲ್ಲಿ ಕಾಳು ಮುಗಿದಿತ್ತಂತೆ. ಬಿತ್ತನೆಗೆ ಕಟ್ಟಿಟ್ಟ ಶೇಂಗಾವನ್ನು ಅವರ ಅತ್ತೆ ರಾತ್ರಿ ಹೊತ್ತು ಬಿಚ್ಚಿ ಹುರಿದರಂತೆ. "ಎಲ್ಲಾರೂ ತಿಂದ್ವಿ. ಯಾರೂ ಒಬ್ಬರ ಮುಖ ಒಬ್ಬರು ನೋಡ್ಲಿಲ್ಲ" ಅಂದರು. ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ. ಒಂದು ದಿನವೂ ಈ ಮಾತು ಕೇಳಿರಲಿಲ್ಲ. ಮಂದ ಬೆಳಕು, ಕೈಯಲ್ಲಿ ಕೆಲಸ, ಎದುರಿಗೆ ಕೂತವರ ಕಣ್ಣು ಮೊರದ ಮೇಲೆ. ಅದಕ್ಕೇ ಹೇಳಲು ಸಾಧ್ಯವಾಯಿತು ಅನ್ನಿಸುತ್ತದೆ. ಮಗಳು ಏನೂ ಕೇಳದೆ ಅಜ್ಜಿಗೆ ಇನ್ನಷ್ಟು ಒತ್ತಿಕೊಂಡು ಕೂತಳು.

ನಿಮ್ಮ ಮನೆಯಲ್ಲಿ ಶೇಂಗಾ ಇರಬೇಕು ಅಂತೇನಿಲ್ಲ. ಅವರೆಕಾಯಿ, ಬೆಳ್ಳುಳ್ಳಿ, ಹೂ ಕಟ್ಟೋದು, ಯಾವುದಾದರೂ ಆದೀತು. ಹಿರಿಯರ ಕೈಗೆ ಬಂದಿರುವ ಕೆಲಸ ಇರಲಿ, ಮಕ್ಕಳು ಅವರಿಂದ ಕಲಿಯುವಂತಿರಲಿ. ಮಾತಾಡಿ ಅಂತ ಯಾರನ್ನೂ ಒತ್ತಾಯ ಮಾಡಬೇಡಿ.

ಅವತ್ತು ಒಂಬತ್ತರ ಸುಮಾರಿಗೆ ಕರೆಂಟ್ ಬಂತು. ಟ್ಯೂಬ್‌ಲೈಟ್ ಬೆಳಕಿಗೆ ಎಲ್ಲರೂ ಕಣ್ಣು ಕಿರಿದು ಮಾಡಿದರು. ಅತ್ತೆ ಮೊರ ಹತ್ತಿರ ಎಳೆದುಕೊಂಡು ನೋಡಿದರು. "ಮುರಿದಿದ್ದೆಲ್ಲ ಬೇರೆ ಇಡ್ರೀ, ನಾಳೆ ಚಟ್ನಿಗೆ ಆಯ್ತದೆ" ಅಂದರು. ಮಕ್ಕಳಿಬ್ಬರೂ ಆರಿಸಲು ಕೂತರು.