ಮ್ಯಾಡ್ರಿಡ್ ಬಳಿ ಮೊಲಗಳಿಂದ ಲೀಶ್ಮೇನಿಯಾ ರೋಗ ಹರಡಿದ್ದು ಹೇಗೆ? ಮೊಲ ಮುಟ್ಟಿದರೆ ಬರುತ್ತದೆಯೇ? ನನ್ನ ಮಗಳು ಅಲ್ಲಿ ನೆಲೆಸಲಿದ್ದಾಳೆ.

ಮುಟ್ಟಿದ ಮಾತ್ರಕ್ಕೆ ಬರುವುದಿಲ್ಲ. ಸೋಂಕಿರುವ ಮೊಲದ ರಕ್ತ ಹೀರಿದ ಹೆಣ್ಣು ಮರಳುನೊಣದ ಹೊಟ್ಟೆಯಲ್ಲಿ ಲೀಶ್ಮೇನಿಯಾ ಎಂಬ ಪರಾವಲಂಬಿ ಜೀವಿ ಕೆಲವು ದಿನ ಬೆಳೆದು, ಆ ನೊಣ ಮುಂದೆ ಮನುಷ್ಯನನ್ನು ಕಚ್ಚಿದಾಗ ರೋಗ ದಾಟುತ್ತದೆ.

ಮ್ಯಾಡ್ರಿಡ್‌ನ ನೈಋತ್ಯಕ್ಕಿರುವ ಫುಯೆನ್‌ಲಬ್ರಾದಾ ಮತ್ತು ಅದರ ನೆರೆಯ ಪಟ್ಟಣಗಳಲ್ಲಿ 2009ರ ಜುಲೈಯಿಂದ 2012ರ ಕೊನೆಯವರೆಗೆ 446 ಜನರಲ್ಲಿ ಈ ರೋಗ ಪತ್ತೆಯಾಯಿತು. ಕೆಲವರಿಗೆ ಮಾಯದ ಚರ್ಮದ ಹುಣ್ಣು, ಕೆಲವರಿಗೆ ಗುಲ್ಮ ಊದಿಕೊಂಡು ಬಿಡದ ಜ್ವರ. ಆ ಸೀಮೆಯಲ್ಲಿ ಲೀಶ್ಮೇನಿಯಾಕ್ಕೆ ಆಸರೆಯಾಗುವುದು ಸಾಮಾನ್ಯವಾಗಿ ನಾಯಿಯೇ ಆದ್ದರಿಂದ ಮೊದಲು ನಾಯಿಗಳನ್ನು ಪರೀಕ್ಷಿಸಿದರು; ಆದರೆ ಅವುಗಳಲ್ಲಿ ಸೋಂಕು ಕಡಿಮೆಯೇ ಇತ್ತು.

ಮುಂದಿನದು, ಪಶುವೈದ್ಯನಾದ ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವೆನಿಸುವ ಸಂಗತಿ. ಪ್ರಾಣಿಯ ದೇಹದಲ್ಲಿ ಪರಾವಲಂಬಿ ಸಿಕ್ಕಿತೆಂದ ಮಾತ್ರಕ್ಕೆ ಅದೇ ರೋಗದ ಮೂಲವೆನ್ನಲಾಗದು, ಏಕೆಂದರೆ ಅದು ನೊಣಕ್ಕೆ ಸೋಂಕು ದಾಟಿಸದೆಯೂ ಇರಬಹುದು. ಆದ್ದರಿಂದ ಸಂಶೋಧಕರು ಪ್ರಯೋಗಾಲಯದಲ್ಲೇ ಸಾಕಿದ ಸೋಂಕಿಲ್ಲದ ಮರಳುನೊಣಗಳಿಗೆ ಆ ಸೀಮೆಯಲ್ಲಿ ಹಿಡಿದ ಕಾಡುಮೊಲಗಳ ರಕ್ತ ಕುಡಿಸಿ, ಕೆಲವು ದಿನಗಳ ನಂತರ ನೊಣಗಳನ್ನು ಸೀಳಿ ನೋಡಿದರು. ನೋಡಲು ಆರೋಗ್ಯವಾಗಿಯೇ ಇದ್ದ ಮೊಲಗಳಿಂದಲೂ ನೊಣಗಳಿಗೆ ಸೋಂಕು ತಗುಲಿತ್ತು. ಬಿಲ ತೋಡಿ ಬಾಳುವ ಮೊಲಗಳೂ ಹೀಗೆಯೇ ಎಂದು ನಂತರ ತಿಳಿಯಿತು. (ನಮ್ಮ ಹೊಲಗಳಂಚಿನ ಕಾಡುಮೊಲದಂತೆ ಅಲ್ಲಿನ ಕಾಡುಮೊಲವೂ ಬಿಲ ತೋಡುವುದಿಲ್ಲ, ಕಾಡುಮೊಲ ಮತ್ತು ಬಿಲದ ಮೊಲ ಬೇರೆ ಬೇರೆ ಜಾತಿಗಳು.)

ಈ ಎರಡೂ ಬಗೆಯ ಮೊಲಗಳು ಅಷ್ಟೊಂದು ಹೆಚ್ಚಿದ್ದು ಪಟ್ಟಣಗಳ ನಡುವೆ ಹೊಸದಾಗಿ ಬೆಳೆಸಿದ ಬೋಸ್ಕೆಸೂರ್ ಎಂಬ ದೊಡ್ಡ ಹಸಿರು ಉದ್ಯಾನದಲ್ಲಿ. ಮೊಲಗಳಿಗೆ ಮೇವು, ಬಿಲಗಳ ತಂಪು ಮಣ್ಣಿನಲ್ಲಿ ಮರಳುನೊಣಕ್ಕೆ ನೆಲೆ, ಕೂಗಳತೆಯಲ್ಲಿ ಜನರ ಮನೆಗಳು: ಮೂರೂ ಒಂದೆಡೆ ಕೂಡಿದವು. ಬಿಹಾರದ ಕಾಲಾ ಅಜಾರ್ ಇದೇ ಗುಂಪಿನ ರೋಗವಾದರೂ ಅಲ್ಲಿ ಪರಾವಲಂಬಿ ಉಳಿಯುವುದು ಮನುಷ್ಯರಲ್ಲೇ, ಆದ್ದರಿಂದ ರೋಗಿಯನ್ನು ಬೇಗ ಗುರುತಿಸಿ ಗುಣಪಡಿಸಿದರೆ ಹರಡುವಿಕೆಯೂ ತಗ್ಗುತ್ತದೆ. ಫುಯೆನ್‌ಲಬ್ರಾದಾದಲ್ಲಿ ಅಷ್ಟೇ ಸಾಲದು, ಮೊಲಗಳ ಸಂಖ್ಯೆಯನ್ನೂ ತಗ್ಗಿಸಬೇಕಾಯಿತು.

ಅಲ್ಲಿ ನೆಲೆಸಲಿರುವ ನಿಮ್ಮ ಮಗಳು ಬೇಸಿಗೆಯ ಸಂಜೆ ಉದ್ಯಾನಕ್ಕೆ ಹೋಗುವಾಗ ಮೈತುಂಬ ಬಟ್ಟೆ ಧರಿಸಲಿ. ಮರಳುನೊಣ ಸೊಳ್ಳೆಗಿಂತ ಚಿಕ್ಕದು, ಸದ್ದಿಲ್ಲದೆ ಬರುತ್ತದೆ, ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳಲ್ಲೂ ನುಸುಳಬಲ್ಲದು. ವಾರಗಟ್ಟಲೆ ಮಾಯದ ಹುಣ್ಣು ಕಂಡರೆ, ತಾನು ಇರುವ ಊರಿನ ಹೆಸರನ್ನೂ ವೈದ್ಯರಿಗೆ ತಪ್ಪದೆ ಹೇಳಲಿ.