ಕಂಪ್ಯೂಟರ್ ಸೈನ್ಸ್ ಪ್ರಾಧ್ಯಾಪಕರ ವೃತ್ತಿಜೀವನ ನಿಜಕ್ಕೂ ಹೇಗೆ ಸಾಗುತ್ತದೆ?

ಎಂ.ಟೆಕ್. ಕೊನೆಯ ವರ್ಷದಲ್ಲಿರುವ ನೀವು ಮೂರು ಸಂಗತಿ ಕೇಳಿದ್ದೀರಿ. ಸಿಎಸ್‌ಇ ವಿಭಾಗಕ್ಕೆ ಸಹಾಯಕ ಪ್ರಾಧ್ಯಾಪಕನಾಗಿ ಸೇರಿದವನು ಪ್ರಾಧ್ಯಾಪಕನಾಗಲು ಎಷ್ಟು ವರ್ಷ ಬೇಕು, ಆ ನಡುವಿನ ವರ್ಷಗಳಲ್ಲಿ ಅವನು ಮಾಡುವ ಕೆಲಸವೇನು, ಮೊದಲು ಒಂದೆರಡು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ಬಂದರೆ ನಷ್ಟವಾಗುತ್ತದೆಯೇ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜನೆಯ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿ ಸೇರಿ ಈಗ ಪ್ರಾಧ್ಯಾಪಕನಾಗಿರುವ ನಾನು ನಮ್ಮಂಥ ಕಾಲೇಜುಗಳ ಬಗ್ಗೆ ಒಳಗಿನಿಂದ ಕಂಡದ್ದನ್ನು ಬರೆಯಬಲ್ಲೆ. ಐಐಟಿಗಳ ವಿಷಯದಲ್ಲಿ ನಿಯಮ ಏನೆಂದಷ್ಟೇ ಹೇಳಬಲ್ಲೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪಿಎಚ್.ಡಿ.ಯನ್ನು ಯಾವಾಗ, ಎಲ್ಲಿ, ಯಾರ ಬಳಿ ಮಾಡುತ್ತೀರಿ ಎಂಬುದರ ಮೇಲೆ ಈ ವೃತ್ತಿಯ ಮುಂದಿನ ಗತಿಯೆಲ್ಲ ನಿಂತಿದೆ.

ಕಾಗದದ ಮೇಲಿನ ದಾರಿ ಸರಳವಾಗಿದೆ. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ 2019ರ ಮಾರ್ಚ್‌ನಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಬಿ.ಇ. ಮತ್ತು ಎಂ.ಟೆಕ್. ಎರಡೂ ಇದ್ದು, ಎರಡರಲ್ಲೊಂದು ಪ್ರಥಮ ದರ್ಜೆಯಾಗಿದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ. ಸಹ ಪ್ರಾಧ್ಯಾಪಕನಾಗಲು ಪಿಎಚ್.ಡಿ. ಕಡ್ಡಾಯ, ಜೊತೆಗೆ ಕನಿಷ್ಠ 8 ವರ್ಷಗಳ ಅನುಭವ, ಅದರಲ್ಲಿ 2 ವರ್ಷ ಪಿಎಚ್.ಡಿ. ಪಡೆದ ನಂತರದ್ದು, ಮತ್ತು ಎಸ್‌ಸಿಐ (ಆಯ್ದ ಜರ್ನಲ್‌ಗಳ ಅಂತರರಾಷ್ಟ್ರೀಯ ಸೂಚಿ) ಅಥವಾ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ಎಐಸಿಟಿಇ ಒಪ್ಪಿದ ಪಟ್ಟಿಯ ನಿಯತಕಾಲಿಕೆಗಳಲ್ಲಿ ಒಟ್ಟು 6 ಪ್ರಬಂಧಗಳು ಬೇಕು. ಪ್ರಾಧ್ಯಾಪಕ ಹುದ್ದೆಗೆ 10 ವರ್ಷಗಳ ಅನುಭವ, ಅದರಲ್ಲಿ 3 ವರ್ಷ ಸಹ ಪ್ರಾಧ್ಯಾಪಕನ ಮಟ್ಟದಲ್ಲಿ. ಆ ಮಟ್ಟದಲ್ಲಿದ್ದಾಗ ಪ್ರಕಟಿಸಿದ 6 ಪ್ರಬಂಧಗಳ ಜೊತೆಗೆ ನಿಮ್ಮ ಮಾರ್ಗದರ್ಶನದಲ್ಲಿ ಇಬ್ಬರು ಪಿಎಚ್.ಡಿ. ಮುಗಿಸಿರಬೇಕು, ಇಲ್ಲವಾದರೆ 10 ಪ್ರಬಂಧಗಳಾದರೂ ಇರಬೇಕು. ಮೂಲವೇತನ ಕ್ರಮವಾಗಿ 57,700, 1,31,400 ಮತ್ತು 1,44,200 ರೂಪಾಯಿಗಳಿಂದ ಆರಂಭವಾಗುತ್ತದೆ.

ಹತ್ತು ವರ್ಷ ಎನ್ನುವುದು ನಿಯಮದ ಮಾತು. ನಾನು ಕಂಡಂತೆ ಹದಿನೈದು ವರ್ಷಕ್ಕಿಂತ ಮೊದಲು ಪ್ರಾಧ್ಯಾಪಕರಾದವರು ವಿರಳ. ಇದಕ್ಕೆ ಒಂದು ಕಾರಣ ಲೆಕ್ಕಾಚಾರದಲ್ಲೇ ಅಡಗಿದೆ: 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ, ಅಧ್ಯಾಪಕರಲ್ಲಿ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಸಹಾಯಕ ಪ್ರಾಧ್ಯಾಪಕರ ಅನುಪಾತ 1:2:6. ವರ್ಷಕ್ಕೆ 60 ಸೀಟಿರುವ ವಿಭಾಗದಲ್ಲಿ ಎರಡನೆಯ ವರ್ಷದಿಂದ ನಾಲ್ಕನೆಯ ವರ್ಷದವರೆಗೆ 180 ವಿದ್ಯಾರ್ಥಿಗಳು, ಅಂದರೆ ಒಂಬತ್ತು ಅಧ್ಯಾಪಕರು, ಅವರಲ್ಲಿ ಪ್ರಾಧ್ಯಾಪಕ ಒಬ್ಬನೇ. ಅರ್ಹತೆ ಗಳಿಸಿಕೊಂಡವರನ್ನು ಆಡಳಿತ ಮಂಡಳಿಗಳು ವರ್ಷಗಟ್ಟಲೆ ಅದೇ ಹುದ್ದೆಯಲ್ಲಿ ಕೂರಿಸಲು ಈ ಅನುಪಾತವೇ ನೆಪವಾಗುತ್ತದೆ. ಇನ್ನು ಮೇಲೆ ಹೇಳಿದ ಸಂಬಳ ಸರ್ಕಾರಿ ಮತ್ತು ಅನುದಾನಿತ ಹುದ್ದೆಗಳಲ್ಲಿ ಖಚಿತ. ಖಾಸಗಿ ಕಾಲೇಜುಗಳಲ್ಲಿ ಹಲವು ಕಡೆ ಇಷ್ಟೆಂದು ಒಟ್ಟು ಮೊತ್ತ ಹೇಳಿ ನೇಮಿಸಿಕೊಳ್ಳುತ್ತಾರೆ. ಸಂದರ್ಶನದ ದಿನ ಸ್ಕೇಲ್ ಕೊಡುತ್ತೀರಾ, ಡಿಎ ಎಷ್ಟು ಎಂದು ಕೇಳಲು ಸಂಕೋಚಪಡಬೇಡಿ. ಆ ಪ್ರಶ್ನೆಗೆ ಸಿಡುಕುವ ಕಾಲೇಜಿನಿಂದ ದೂರ ಇರುವುದೇ ಒಳ್ಳೆಯದು.

ಈಗ ಪಿಎಚ್.ಡಿ.ಯ ವಿಷಯ. ನಮ್ಮಲ್ಲಿ ರೂಢಿಯಾಗಿರುವುದು ಎಂ.ಟೆಕ್. ಮುಗಿಸಿ ಕೆಲಸಕ್ಕೆ ಸೇರಿ, ಮದುವೆ ಮಕ್ಕಳ ನಡುವೆ, ಅದೇ ಕಾಲೇಜಿನ ಅಥವಾ ಪಕ್ಕದ ಕಾಲೇಜಿನ ರಿಸರ್ಚ್ ಸೆಂಟರ್‌ನಲ್ಲಿ ಪಾರ್ಟ್ ಟೈಮ್ ಆಗಿ ನೋಂದಣಿ ಮಾಡಿಸಿಕೊಳ್ಳುವುದು. ಅಂಥವರ ಒಂದು ವಾರ ಹೇಗಿರುತ್ತದೆ ನೋಡಿ. ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆ ಪಾಠದ ಹೊರೆ. ಅದರಲ್ಲಿ ಲ್ಯಾಬ್ ಬ್ಯಾಚುಗಳು ಮಧ್ಯಾಹ್ನಗಳನ್ನೆಲ್ಲ ತಿನ್ನುತ್ತವೆ. ಉಳಿದ ಹೊತ್ತಿನಲ್ಲಿ ಇಂಟರ್ನಲ್ಸ್ ಪತ್ರಿಕೆ ತೆಗೆಯುವುದು, ತಿದ್ದುವುದು, ಪ್ರಾಜೆಕ್ಟ್ ರಿವ್ಯೂ, ಮೆಂಟರಿಂಗ್ ಪುಸ್ತಕ ತುಂಬುವುದು, ಹಾಜರಾತಿ ಕಡಿಮೆಯಾದ ಹುಡುಗರ ಮನೆಗೆ ಫೋನ್ ಮಾಡುವುದು. ಪರೀಕ್ಷೆ ಮುಗಿದೊಡನೆ ವ್ಯಾಲ್ಯುಯೇಷನ್. ಸಂಶೋಧನೆಗೆ ಉಳಿಯುವುದು ರಾತ್ರಿ ಮಕ್ಕಳು ಮಲಗಿದ ಮೇಲಿನ ಹೊತ್ತು ಮತ್ತು ಸೆಮಿಸ್ಟರ್‌ಗಳ ನಡುವಿನ ರಜೆ. ಕೋರ್ಸ್‌ವರ್ಕ್, ಕಾಂಪ್ರಹೆನ್ಸಿವ್ ವೈವಾ, ಆರು ತಿಂಗಳಿಗೊಮ್ಮೆಯ ಪ್ರಗತಿ ವರದಿ ಇವೆಲ್ಲವನ್ನೂ ಹೇಗೋ ದಾಟಿದವರು ಕೂಡ ಪ್ರಯೋಗದ ಭಾಗಕ್ಕೆ ಬಂದಾಗ ಸಿಕ್ಕಿಕೊಳ್ಳುತ್ತಾರೆ. ಏಕೆಂದರೆ ಒಂದು ಸಮಸ್ಯೆಯನ್ನು ಸತತವಾಗಿ ವಾರಗಟ್ಟಲೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳದೆ ಅದರ ಮೇಲೆ ಹೊಸದೇನನ್ನೂ ಹೇಳಲಾಗದು. ಮೂರು ವರ್ಷದಲ್ಲಿ ಆಗಬಹುದಾದದ್ದು ಏಳೆಂಟು ವರ್ಷಕ್ಕೆ ಎಳೆಯುವುದು ಸೋಮಾರಿತನದಿಂದಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಮನೆಯ ಪರಿಸ್ಥಿತಿ ಅನುಮತಿಸಿದರೆ ಕೆಲಸಕ್ಕೆ ಸೇರುವ ಮೊದಲೇ ಪೂರ್ಣಾವಧಿ ಪಿಎಚ್.ಡಿ. ಮಾಡಿ. 2023ರ ಜನವರಿಯಿಂದ ಸಂಶೋಧಕರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಇದು ಸಾಫ್ಟ್‌ವೇರ್ ಸಂಬಳದ ಮುಂದೆ ಕಡಿಮೆಯೇ, ಆದರೆ ಹೊಸದಾಗಿ ಪಾಠಕ್ಕೆ ಸೇರಿದವರಿಗೆ ಹಲವು ಖಾಸಗಿ ಕಾಲೇಜುಗಳು ಕೊಡುವುದಕ್ಕಿಂತ ಕಡಿಮೆಯೇನಲ್ಲ. ಬೆಂಗಳೂರಿನ ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿ, ಬೆಂಗಳೂರಿನ ಟ್ರಿಪಲ್ ಐಟಿ, ಇವೆಲ್ಲ ನಮ್ಮ ರಾಜ್ಯದಲ್ಲೇ ಇವೆ. ಈಗಾಗಲೇ ಕೆಲಸದಲ್ಲಿರುವವರಿಗೆ ಕ್ಯೂಐಪಿ (ಕ್ವಾಲಿಟಿ ಇಂಪ್ರೂವ್‌ಮೆಂಟ್ ಪ್ರೋಗ್ರಾಂ) ಎಂಬ ಹಳೆಯ ಯೋಜನೆ ಇದೆ. 1970ರಲ್ಲಿ ಶುರುವಾದ ಅದರ ಮೂಲಕ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು ಕೆಲಸ ಬಿಡದೆ ಐಐಎಸ್‌ಸಿ, ಐಐಟಿಗಳಂಥ ಕಡೆ ಪೂರ್ಣಾವಧಿ ಸಂಶೋಧನೆಗೆ ಹೋಗಬಹುದು. ಕಾಲೇಜು ಬಿಟ್ಟುಕೊಡಬೇಕು, ಅದೇ ಕಷ್ಟದ ಭಾಗ.

ಮಾರ್ಗದರ್ಶಕರನ್ನು ಆರಿಸುವಾಗ ಹೆಸರಿನ ಮುಂದಿನ ಬಿರುದುಗಳನ್ನು ನೋಡಬೇಡಿ. ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕರು ಒಂದೇ ಹೊತ್ತಿಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನು ತೆಗೆದುಕೊಳ್ಳಬಹುದು. ಎಂಟೂ ತುಂಬಿರುವ, ಜೊತೆಗೆ ಪ್ರಾಂಶುಪಾಲರೋ ಡೀನೋ ಆಗಿರುವವರ ಬಳಿ ನಿಮ್ಮ ಕರಡು ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಅವರ ಹಿಂದಿನ ವಿದ್ಯಾರ್ಥಿಗಳಲ್ಲಿ ಇಬ್ಬರನ್ನಾದರೂ ಹುಡುಕಿ ಮಾತಾಡಿಸಿ. ಪ್ರಬಂಧದ ಕರಡು ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು ಎಂದು ಕೇಳಿದರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ.

ಸಿಎಸ್‌ಇಗೇ ವಿಶೇಷವಾದ ಒಂದು ಇಕ್ಕಟ್ಟನ್ನು ಇಲ್ಲಿ ಹೇಳಬೇಕು. ಬೇರೆ ಎಂಜಿನಿಯರಿಂಗ್ ಶಾಖೆಗಳಲ್ಲಿ ಶ್ರೇಷ್ಠ ಸಂಶೋಧನೆ ಜರ್ನಲ್‌ಗಳಲ್ಲಿ ಬರುತ್ತದೆ. ನಮ್ಮ ವಿಷಯದಲ್ಲಿ ಅದು ಹೆಚ್ಚಾಗಿ ಸಮ್ಮೇಳನಗಳಲ್ಲಿ ಬರುತ್ತದೆ: ಡೇಟಾಬೇಸ್‌ನವರಿಗೆ ಸಿಗ್‌ಮಾಡ್ ಮತ್ತು ವಿಎಲ್‌ಡಿಬಿ, ನೆಟ್‌ವರ್ಕ್‌ನವರಿಗೆ ಸಿಗ್‌ಕಾಮ್, ಮಷಿನ್ ಲರ್ನಿಂಗ್‌ನವರಿಗೆ ನ್ಯೂರಿಪ್ಸ್. ಅಲ್ಲಿ ಒಂದು ಪ್ರಬಂಧ ಸ್ವೀಕೃತವಾಗುವುದು ಸಾಧಾರಣ ಜರ್ನಲ್‌ನಲ್ಲಿ ನಾಲ್ಕು ಪ್ರಕಟಿಸುವುದಕ್ಕಿಂತ ಕಷ್ಟ. ಆದರೆ ಬಡ್ತಿಯ ನಿಯಮದಲ್ಲಿ ಎಣಿಕೆಗೆ ಬರುವುದು ಜರ್ನಲ್. ಇದರ ಫಲವನ್ನು ಎಲ್ಲರೂ ನೋಡುತ್ತಿದ್ದೇವೆ. ಒಳ್ಳೆಯ ಕೆಲಸ ಮಾಡಬಲ್ಲ ತರುಣರು ಕೂಡ ಬಡ್ತಿಯ ಅರ್ಜಿಯ ದಿನಾಂಕ ನೋಡಿಕೊಂಡು, ದುಡ್ಡು ಕಟ್ಟಿದರೆ ವಾರದಲ್ಲಿ ಒಪ್ಪಿಗೆ ಕೊಡುವ ನಿಯತಕಾಲಿಕೆಗಳ ಕಡೆ ಹೊರಳುತ್ತಾರೆ. ಯುಜಿಸಿ ಒಪ್ಪಿತ ಜರ್ನಲ್‌ಗಳ ‘ಕೇರ್’ ಪಟ್ಟಿ ಮಾಡಿ ಇದನ್ನು ತಡೆಯಲು ಯತ್ನಿಸಿತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಗುಣಮಟ್ಟವನ್ನು ಸಂಸ್ಥೆಗಳೇ ನೋಡಿಕೊಳ್ಳಲಿ ಎಂದಿತು. ಬಯೋಡೇಟಾಗಳಲ್ಲಿ ಈಗ ಕಾಣುವ ‘ಪೇಟೆಂಟ್ ಪಬ್ಲಿಷ್ಡ್’ ಎಂಬ ಸಾಲಿನದೂ ಇದೇ ಕಥೆ. ಪೇಟೆಂಟ್ ಅರ್ಜಿ ಯಾವುದೇ ಇರಲಿ, ಸಾಮಾನ್ಯವಾಗಿ 18 ತಿಂಗಳಿಗೆ ತಾನಾಗಿಯೇ ಪ್ರಕಟವಾಗುತ್ತದೆ. ಪರೀಕ್ಷೆ ಆಗಿ ಮಂಜೂರಾಗುವುದು ಬೇರೆಯೇ ಮಾತು. ಆಯ್ಕೆ ಸಮಿತಿಯಲ್ಲಿ ಕೂತಾಗ ನಾನು ಪ್ರಬಂಧಗಳ ಸಂಖ್ಯೆ ಬಿಟ್ಟು, ಅವುಗಳಲ್ಲಿ ಒಂದನ್ನು ಬೋರ್ಡಿನ ಮೇಲೆ ವಿವರಿಸಿ ಎಂದು ಕೇಳುತ್ತೇನೆ. ಆರನೆಯ ಲೇಖಕರಾಗಿ ಹೆಸರು ಹಾಕಿಸಿಕೊಂಡವರು ಅಲ್ಲಿಗೆ ನಿಲ್ಲುತ್ತಾರೆ.

ನಿಮ್ಮ ಎರಡನೆಯ ಪ್ರಶ್ನೆ, ದಿನನಿತ್ಯದ ಕೆಲಸ. ಮೂರನೆಯ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ಪ್ರತಿ ವರ್ಷವೂ ನಡೆಯುವ ಒಂದು ಪ್ರಸಂಗ ಹೇಳುತ್ತೇನೆ. ಲಿಂಕ್ಡ್ ಲಿಸ್ಟ್‌ನಿಂದ (ಪ್ರತಿ ಕೊಂಡಿಯಲ್ಲೂ ಮುಂದಿನದರ ವಿಳಾಸವಿರುವ ಸರಪಳಿ) ಒಂದು ನೋಡ್, ಅಂದರೆ ಕೊಂಡಿ, ಅಳಿಸುವಾಗ ಹುಡುಗ ಮೊದಲು ಆ ನೋಡನ್ನು ಫ್ರೀ ಮಾಡಿ ಅದರ ಮೆಮೊರಿಯನ್ನು ಬಿಟ್ಟುಕೊಟ್ಟುಬಿಡುತ್ತಾನೆ, ಆಮೇಲೆ ಅದರಲ್ಲಿದ್ದ ಮುಂದಿನ ವಿಳಾಸವನ್ನು ಓದುತ್ತಾನೆ. ಅವನ ಯಂತ್ರದಲ್ಲಿ ಪ್ರೋಗ್ರಾಂ ಸರಿಯಾಗಿಯೇ ಓಡುತ್ತದೆ. ತಪ್ಪೆಂದರೆ, “ಸರ್, ಔಟ್‌ಪುಟ್ ಬಂದಿದೆಯಲ್ಲ” ಎನ್ನುತ್ತಾನೆ. ಬಿಟ್ಟುಕೊಟ್ಟ ಜಾಗದಲ್ಲಿ ಹಳೆಯ ಬೆಲೆ ಇನ್ನೂ ಉಳಿದಿರುವುದು ಆಕಸ್ಮಿಕ, ಆ ಜಾಗವನ್ನು ಬೇರೆ ಯಾವುದಾದರೂ ಬಳಸಿಕೊಂಡ ಕ್ಷಣ ಇದು ಕುಸಿಯುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ತಲೆಯಾಡಿಸುವ ಹುಡುಗ, ರಫ್ ಹಾಳೆಯ ಮೇಲೆ ಚೌಕಗಳನ್ನು ಬರೆದು ಕನ್ನಡದಲ್ಲಿ ಹೇಳಿದಾಗ ಮರುಪ್ರಶ್ನೆ ಕೇಳುತ್ತಾನೆ. ಮೆಮೊರಿ ಹಂಚುವ ಮಾಲಾಕ್ ಆ ಜಾಗವನ್ನು ಮತ್ತೆ ಯಾವಾಗ ಕೊಡುತ್ತದೆ, ನಮಗೆ ಹೇಳಿ ಕೊಡುತ್ತದೆಯೇ ಎಂದು. ಅಲ್ಲಿಂದ ಆಪರೇಟಿಂಗ್ ಸಿಸ್ಟಂ ಪಾಠಕ್ಕೆ ಬಾಗಿಲು ತೆರೆಯುತ್ತದೆ. ಈ ವೃತ್ತಿಯಲ್ಲಿ ನನ್ನನ್ನು ಉಳಿಸಿದ್ದು ಇಂಥ ಹತ್ತು ನಿಮಿಷಗಳು.

ಆ ಹತ್ತು ನಿಮಿಷ ಯಾವ ಫೈಲಿನಲ್ಲೂ ದಾಖಲಾಗುವುದಿಲ್ಲ. ದಾಖಲಾಗುವುದು ಇನ್ನೊಂದು. ಇಂಟರ್ನಲ್ಸ್‌ನ ಪ್ರತಿ ಪ್ರಶ್ನೆಯ ಪಕ್ಕ ಅದು ಯಾವ ಕೋರ್ಸ್ ಔಟ್‌ಕಮ್ (ಕಲಿಕೆಯ ಗುರಿ), ಬ್ಲೂಮ್ ಮಟ್ಟ (ನೆನಪಿನಿಂದ ಸೃಷ್ಟಿಯವರೆಗಿನ ಕಲಿಕೆಯ ಮೆಟ್ಟಿಲು) ಎಲ್1ರಿಂದ ಎಲ್6ರವರೆಗೆ ಯಾವುದು ಎಂದು ಬರೆಯಬೇಕು; ಪ್ರತಿ ವಿದ್ಯಾರ್ಥಿ ಪ್ರತಿ ಪ್ರಶ್ನೆಗೆ ಪಡೆದ ಅಂಕವನ್ನು ಎಕ್ಸೆಲ್‌ಗೆ ಏರಿಸಬೇಕು; ಗುರಿ ಮುಟ್ಟಿದವರು ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ ಅಟೇನ್‌ಮೆಂಟ್ 1, 2 ಅಥವಾ 3 ಎಂದು ನಮೂದಿಸಬೇಕು; ಕಡಿಮೆಯಾಗಿದ್ದರೆ ಕೈಗೊಂಡ ಕ್ರಮವೇನೆಂದು ಬರೆಯಬೇಕು. ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುವ ವರ್ಷ ಇಡೀ ವಿಭಾಗ ಈ ಕೆಲಸದಲ್ಲಿ ಮುಳುಗುತ್ತದೆ. ಮೂಲ ಉದ್ದೇಶ ಕೆಟ್ಟದ್ದಲ್ಲ. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದಾಗ, ನಮ್ಮ ಪದವಿಗೆ ಹೊರದೇಶಗಳಲ್ಲಿ ಮನ್ನಣೆ ಸಿಗಲಿ ಎಂಬ ಆಶಯ ಇತ್ತು. ಆದರೆ ಆ ಮನ್ನಣೆ ಟಯರ್ 1 ಮಾನ್ಯತೆ ಪಡೆಯುವ ಸ್ವಾಯತ್ತ ಸಂಸ್ಥೆಗಳ ಕೋರ್ಸುಗಳಿಗಷ್ಟೇ ಅನ್ವಯ. ವಿಶ್ವವಿದ್ಯಾಲಯದ ಪಠ್ಯಕ್ರಮವನ್ನೇ ಅನುಸರಿಸುವ ಸಂಯೋಜಿತ ಕಾಲೇಜುಗಳು ಟಯರ್ 2ರಲ್ಲಿ ಬರುತ್ತವೆ, ಫೈಲು ಮಾತ್ರ ಅಷ್ಟೇ ದಪ್ಪ.

ಇದರ ಜೊತೆ ಪಾಠದ ವಿಷಯವೂ ಕಾಲ ಕೆಳಗಿನ ನೆಲದಂತೆ ಸರಿಯುತ್ತಿರುತ್ತದೆ. ವಿಟಿಯುನಲ್ಲಿ 2015, 2018, 2021, 2022 ಎಂದು ಸ್ಕೀಮ್‌ಗಳು, ಅಂದರೆ ಪಠ್ಯಕ್ರಮಗಳು, ಬದಲಾಗಿವೆ. ಹಿಂದಿನ ಸ್ಕೀಮ್‌ನ ಬ್ಯಾಕ್‌ಲಾಗ್ ಹುಡುಗರಿಗೆ ಹಳೆಯ ಪತ್ರಿಕೆ, ಹೊಸಬರಿಗೆ ಹೊಸ ಪಾಠ. ಎಐಸಿಟಿಇ 2024ರಲ್ಲಿ ಪ್ರವೇಶ ಸಂಖ್ಯೆಯ ಮೇಲ್ಮಿತಿ ತೆಗೆದ ಮೇಲೆ ಸಿಎಸ್‌ಇ, ಎಐ–ಎಂಎಲ್, ಡೇಟಾ ಸೈನ್ಸ್ ಹೆಸರಿನ ಸೀಟುಗಳು ಏರುತ್ತಲೇ ಇವೆ, ಅವಕ್ಕೆ ತಕ್ಕ ಅಧ್ಯಾಪಕರಿಲ್ಲ. ಮೆಕ್ಯಾನಿಕಲ್, ಸಿವಿಲ್ ವಿಭಾಗದವರು ಪೈಥಾನ್ ಕಲಿತು ಪಾಠ ಮಾಡುತ್ತಿರುವುದನ್ನು ಕೆಲವರು ನಗೆಯಾಡುತ್ತಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಕಂಪ್ಯೂಟರ್ ಬಂದಾಗ ಅದನ್ನು ಕಲಿಸಿದವರೂ, ನಮ್ಮ ಕಾಲೇಜುಗಳ ಮೊದಲ ತಲೆಮಾರಿನ ಕಂಪ್ಯೂಟರ್ ಮೇಷ್ಟರುಗಳೂ ಬೇರೆ ವಿಭಾಗಗಳಿಂದಲೇ ಬಂದವರು. ನಿಮಗೆ ಸಂಬಂಧಿಸಿದ ಮಾತೆಂದರೆ, ಸದ್ಯಕ್ಕೆ ಕೆಲಸ ಸಿಗುವುದು ಕಷ್ಟವಲ್ಲ. ಕೆಲಸ ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೇ ಪಿಎಚ್.ಡಿ. ಮುಂದೂಡುವ ಆಸೆಯೂ ಹುಟ್ಟುತ್ತದೆ.

ಐಐಟಿಗಳ ದಾರಿಯೇ ಬೇರೆ. ಅಲ್ಲಿ ಸಹಾಯಕ ಪ್ರಾಧ್ಯಾಪಕನಾಗಿ ಸೇರಲು ಪಿಎಚ್.ಡಿ. ಮೊದಲ ಮೆಟ್ಟಿಲು, ಆ ಹುದ್ದೆಯ ಮೇಲಿನ ದರ್ಜೆಯಾದ ಗ್ರೇಡ್ 1ಕ್ಕೆ ಅದರ ಮೇಲೆ 3 ವರ್ಷಗಳ ಅನುಭವ ಬೇಕು. ನಮ್ಮಂಥ ಕಾಲೇಜಿನಿಂದ ಅಲ್ಲಿಗೆ ಮಧ್ಯದಲ್ಲಿ ಜಿಗಿಯುವುದು ತೀರ ಅಪರೂಪ. ಅಲ್ಲಿಗೆ ಹೋಗುವ ಮನಸ್ಸಿದ್ದರೆ ನಿರ್ಧಾರ ಈಗಲೇ ಆಗಬೇಕು.

ಕೊನೆಯದಾಗಿ ಕಂಪನಿಯ ಕೆಲಸ. ಎಐಸಿಟಿಇ ನಿಯಮದ 8 ಮತ್ತು 10 ವರ್ಷಗಳ ಲೆಕ್ಕದಲ್ಲಿ ಬೋಧನೆ, ಸಂಶೋಧನೆಯ ಜೊತೆ ಉದ್ಯಮದ ಅನುಭವವೂ ಸೇರುತ್ತದೆ, ಆದ್ದರಿಂದ ಒಂದೆರಡು ವರ್ಷ ಅಲ್ಲಿದ್ದು ಬಂದರೆ ನಷ್ಟವಿಲ್ಲ. ದೊಡ್ಡ ಕೋಡ್‌ಬೇಸ್‌ನಲ್ಲಿ ಕೆಲಸ ಮಾಡಿದವರು ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠ ಮಾಡುವ ರೀತಿಯೇ ಬೇರೆ. ಹೊರಡುವಾಗ ರಿಲೀವಿಂಗ್ ಲೆಟರ್ ಮತ್ತು ಸೇವಾ ಪ್ರಮಾಣಪತ್ರದಲ್ಲಿ ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕಗಳು ಸ್ಪಷ್ಟವಾಗಿರುವಂತೆ ನೋಡಿಕೊಳ್ಳಿ, ಸಂಬಳದ ಚೀಟಿಗಳನ್ನೂ ಫಾರ್ಮ್ 16 ಅನ್ನೂ ಇಟ್ಟುಕೊಳ್ಳಿ. ಬಡ್ತಿಯ ಪರಿಶೀಲನೆಯಲ್ಲಿ ಕೇಳುವುದು ಅವನ್ನೇ, ಅಷ್ಟರೊಳಗೆ ಆ ಕಂಪನಿ ಬೇರೆ ಹೆಸರಿನಲ್ಲಿರಬಹುದು, ಇಲ್ಲದೆಯೂ ಹೋಗಿರಬಹುದು.