ಗಂಡನ ಸಹಿ ಕೇಳಿದವರು ಯಾರು?

ತಂಗಿ,

ಗರ್ಭ ತೆಗೆಸಲು ಹೊರಟವಳ ಬಗ್ಗೆ ನೀವು ಬರೆದ ಲೇಖನ ತಲುಪಿತು. ಚಿಂಚೋಳಿ ಕಡೆಯ ಹೆಣ್ಣುಮಗಳು ಹೂ ಬಿಟ್ಟ ತೊಗರಿ ಹೊಲದ ಪಕ್ಕ ಕಲಬುರಗಿ ಬಸ್ಸಿಗೆ ಕಾಯುವ ಭಾಗ ಚೆನ್ನಾಗಿದೆ. ಮೂರನೇ ಪುಟಕ್ಕೆ ಬಂದಾಗ ಮಾತ್ರ ಸಿಟ್ಟು ಬಂತು.

"ಗರ್ಭ ತೆಗೆಸಲು ಕಾನೂನು ಗಂಡನ ಸಹಿ ಕೇಳುತ್ತದೆ, ಗಂಡ ಪುಣೆಗೆ ಗುಳೆ ಹೋಗಿದ್ದಾನೆ" ಎಂದಿದ್ದೀರಿ. ಯಾವ ಕಾನೂನು? 1971ರ ಎಂಟಿಪಿ, ಅಂದರೆ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ 18 ತುಂಬಿದವಳ ಒಪ್ಪಿಗೆಯೊಂದೇ ಸಾಕು. ಅಪ್ರಾಪ್ತೆಯಾದರೆ, ಮಾನಸಿಕ ಅಸ್ವಸ್ಥೆಯಾದರೆ ಪಾಲಕರು ಬರೆದುಕೊಡಬೇಕು, ಅಷ್ಟೇ. ಸಹಿ ಕೇಳಿದ್ದು ಆಸ್ಪತ್ರೆ ಕೌಂಟರಿನ ರೂಢಿ. ಅದನ್ನು ಕಾನೂನಿನ ತಲೆಗೆ ಕಟ್ಟಿದರೆ, ನಿಮ್ಮನ್ನು ಓದಿದ ಸೇಡಂನ ಇನ್ನೊಬ್ಬಾಕೆ ಆಸ್ಪತ್ರೆ ಬಿಟ್ಟು ಮೆಡಿಕಲ್ ಅಂಗಡಿಗೆ ಹೋಗುತ್ತಾಳೆ.

ಮುಂದಿನ ಸಾಲು ಇನ್ನೂ ಅಪಾಯದ್ದು: "ಆಗಸ್ಟ್ 10ಕ್ಕೆ ಮುಟ್ಟು ತಪ್ಪಿತು. ಅಕ್ಟೋಬರ್ 10ಕ್ಕೆ ಬರೀ ಎರಡು ತಿಂಗಳು, ಗುಳಿಗೆಯಲ್ಲೇ ಮುಗಿಯುತ್ತಿತ್ತು." ಮುಗಿಯುತ್ತಿರಲಿಲ್ಲ. ವಾರ ಎಣಿಸುವುದು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. 28 ದಿನದ ಚಕ್ರ ಹಿಡಿದರೆ ಅದು ಜುಲೈ 13. ಅಲ್ಲಿಂದ 89 ದಿನ, ಅಂದರೆ 12 ವಾರ 5 ದಿನ. ಗುಳಿಗೆ ಕೊಟ್ಟು ಮನೆಗೆ ಕಳಿಸುವ ವಿಧಾನಕ್ಕೆ 2021ರ ನಿಯಮದ ಮಿತಿ 9 ವಾರ: ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್, ಎರಡು ವಾರಕ್ಕೆ ಮರುತಪಾಸಣೆ. ಮಿತಿ ದಾಟಿ ಮನೆಯಲ್ಲೇ ನುಂಗಿದರೆ ಗರ್ಭ ಪೂರ್ತಿ ಹೋಗದೆ ಚೂರು ಉಳಿಯುವುದು, ರಕ್ತ ನಿಲ್ಲದಿರುವುದು ಹೆಚ್ಚು. ರಕ್ತ ಕಡಿಮೆ ಇರುವ ಮೈ ಅದನ್ನು ತಾಳುವುದು ಕಷ್ಟ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರಂತೂ ಗುಳಿಗೆ ಕೆಲಸವನ್ನೇ ಮಾಡದು, ನಾಳ ಒಡೆಯಬಹುದು.

ಆ ಐದು ದಿನವೂ ಸಣ್ಣದಲ್ಲ. 25 ಪ್ರಕರಣಗಳಲ್ಲಿ ನೆರವಾಗಿ ತರಬೇತಿ ಪಡೆದ ವೈದ್ಯರಿಗೆ 12 ವಾರದವರೆಗೆ ಮಾತ್ರ ಅನುಮತಿ. ಅದು ಮೀರಿದರೆ ಹೆಚ್ಚಿನ ಅರ್ಹತೆಯ ವೈದ್ಯರೇ ಬೇಕು. ಕಾಯ್ದೆಯ ಬಾಗಿಲು ಮಾತ್ರ ಆಗಲೂ ತೆರೆದೇ ಇತ್ತು, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಸಹಿಗಾಗಿ ಕಾದ ದಿನಗಳು ಅವಳ ಮೈಗೆ ಏನು ಮಾಡಿದವು ಎಂಬುದೇ ನಿಮ್ಮ ಲೇಖನ. ನೀವು ಅದನ್ನು ಒಂದು ಸಾಲಿನಲ್ಲಿ ದಾಟಿದ್ದೀರಿ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕಲಿಯುವಾಗ ಹಿರಿಯರು ಯಾವ ಅಂಕಿ ಕಂಡರೂ ಕೆಂಪು ಪೆನ್ನಲ್ಲಿ "ಎಲ್ಲಿಂದ ಎಣಿಸಿದೆ?" ಎಂದು ಬರೆಯುತ್ತಿದ್ದರು. ಅಂದು ಬೇಜಾರಾಗುತ್ತಿತ್ತು, ಈಗ ನಾನೇ ಬರೆಯುತ್ತೇನೆ.

ಮೂರನೇ ಪುಟ ತಿದ್ದಿ ಕಳಿಸಿ. ಸಹಿ ಕೇಳಿದ್ದು ನರ್ಸೋ, ಡಾಕ್ಟರೋ, ಬಾಯಿಮಾತಲ್ಲೋ, ಕಾಗದ ತೋರಿಸಿಯೋ, ವಿಚಾರಿಸಿ ಬರೆಯಿರಿ. ಫಾರ್ಮ್ ಸಿ ಎಂಬ ಒಪ್ಪಿಗೆ ಪತ್ರವನ್ನೂ ಕಣ್ಣಾರೆ ನೋಡಿ. "ಇಂಥವರ ಮಗಳು ಅಥವಾ ಹೆಂಡತಿ" ಎಂದು ತುಂಬುವ ಗೆರೆ ಇದೆ, ಗಂಡ ಸಹಿ ಹಾಕುವ ಗೆರೆ ಇಲ್ಲ.